ಮಗುಚಿದ ಮೇಲೆ ಹತ್ತುವ ದೋಣಿ

ಕಯಾಕ್ ಎಂಬ ಕಿರಿದಾದ, ಚೂಪು ಮೂತಿಯ ದೋಣಿಯನ್ನು ಮೊದಲ ಸಲ ನೋಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಇದು ಮಗುಚಿಕೊಳ್ಳುವುದಿಲ್ಲವೇ? ಮಗುಚಿಕೊಳ್ಳುತ್ತದೆ. ಅರ್ಧ ಮೀಟರಿಗಿಂತ ತುಸು ಹೆಚ್ಚು ಅಗಲದ ದೋಣಿಯಲ್ಲಿ ಕಾಲು ಚಾಚಿ ಕೂತು, ಅಲೆಗಳ ಮೇಲೆ ಹುಟ್ಟು ಹಾಕುವವರು ಇಂದಲ್ಲ ನಾಳೆ ನೀರಿಗೆ ಬೀಳುತ್ತಾರೆ. ಮನೆಯಲ್ಲೇ ಕಯಾಕ್ ಕಟ್ಟಲು ಹೊರಟವರು ಈ ಮಾತನ್ನು ಒಪ್ಪಿಕೊಂಡೇ ಪೆನ್ಸಿಲ್ ಕೈಗೆತ್ತಿಕೊಳ್ಳಬೇಕು. ದಡ ದೂರವಿದೆ, ಜೊತೆಗೆ ಯಾರೂ ಇಲ್ಲ, ದೋಣಿ ಬೋರಲಾಗಿದೆ. ಅಂಥ ಹೊತ್ತಿನಲ್ಲಿ ನೀರಿನಲ್ಲಿರುವವರು ಅದನ್ನು ಮತ್ತೆ ಹತ್ತಿ ಕೂರುವುದು ಹೇಗೆ ಎಂಬ ಪ್ರಶ್ನೆಯಿಂದಲೇ ನಕ್ಷೆ ಶುರುವಾಗಬೇಕು ಎಂಬುದು ನನ್ನ ವಾದ. ಅಡ್ಡಗೋಡೆ ಎಲ್ಲಿ ನಿಲ್ಲಬೇಕು, ಕೂರುವ ಬಾಯಿ ಎಷ್ಟು ಉದ್ದವಿರಬೇಕು, ಹಿಂಬದಿಯ ಮೇಲ್ಹಾಸು ಎಷ್ಟು ತಗ್ಗಿರಬೇಕು, ಹಗ್ಗ ಎಲ್ಲೆಲ್ಲಿ ಹಾಯಬೇಕು ಎಂಬುದೆಲ್ಲ ಗರಗಸ ಹಿಡಿದ ದಿನವೇ ತೀರ್ಮಾನವಾಗಿಬಿಡುತ್ತದೆ. ಕಟ್ಟುವಾಗ ಬಿಟ್ಟುಹೋದದ್ದನ್ನು ಆಮೇಲೆ ಕಲಿತ ಈಜು ತುಂಬಿಕೊಡಲಾರದು.

ಕಯಾಕನ್ನು ಕಂಡುಹಿಡಿದ ಜನರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಯಾಕ್ ಎಂಬ ಹೆಸರೇ ಉತ್ತರ ಧ್ರುವದ ಸುತ್ತಲಿನ ಇನುಯಿಟ್ ಜನರ ಮಾತಿನದು. ಮರ ಬೆಳೆಯದ ಗ್ರೀನ್‌ಲ್ಯಾಂಡಿನಲ್ಲಿ ಕಡಲು ತಂದು ಹಾಕಿದ ಮರದ ತುಂಡುಗಳನ್ನು ಸೀಳಿ, ಹಂದರ ಕಟ್ಟಿ, ಅದರ ಮೇಲೆ ಸೀಲ್ ಚರ್ಮ ಬಿಗಿದು ಹೊಲಿಯುತ್ತಿದ್ದರು. ನಮ್ಮ ಹರಿಗೋಲಿನದೂ ಇದೇ ಜಾತಿ: ಬಿದಿರಿನ ಹೆಣಿಗೆ, ಅದರ ಮೇಲೆ ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ಆದರೆ ಹರಿಗೋಲು ಬುಟ್ಟಿಯಂತೆ ತೆರೆದದ್ದು, ಹತ್ತು ಜನರನ್ನು ಹೊರುವಂಥದ್ದು. ಗ್ರೀನ್‌ಲ್ಯಾಂಡಿನ ಕಯಾಕ್ ಒಬ್ಬನೇ ಬೇಟೆಗಾರನ ಮೈಯಳತೆಗೆ ಹೊಲಿದ ಅಂಗಿಯಂತೆ. ಅವನು ಕೈಗಳನ್ನು ಚಾಚಿದಾಗ ಆಗುವ ಮಾರಿನ ಮೂರರಷ್ಟು ಉದ್ದ, ಸೊಂಟದಗಲಕ್ಕೆ ಎರಡು ಮುಷ್ಟಿ ಸೇರಿಸಿದಷ್ಟು ಅಗಲ, ಒಂದು ಮುಷ್ಟಿ ಮತ್ತು ಎತ್ತಿದ ಹೆಬ್ಬೆರಳಿನಷ್ಟು ಆಳ. ನಮ್ಮ ಲೆಕ್ಕದಲ್ಲಿ ಹದಿನೇಳು ಅಡಿ ಉದ್ದ, ಇಪ್ಪತ್ತರಿಂದ ಇಪ್ಪತ್ತೆರಡು ಅಂಗುಲ ಅಗಲ, ಏಳು ಅಂಗುಲ ಆಳ. ತುಯಿಲಿಕ್ ಎಂಬ ಸೀಲ್ ಚರ್ಮದ ಮೇಲಂಗಿಯನ್ನು ದೋಣಿಯ ಬಾಯಿಯ ಸುತ್ತ, ಮುಖದ ಸುತ್ತ, ಮಣಿಕಟ್ಟಿನ ಸುತ್ತ ಬಿಗಿದುಕೊಂಡರೆ ಮನುಷ್ಯ ಮತ್ತು ದೋಣಿ ಒಂದೇ ದೇಹ. ಮಗುಚಿದರೆ ಅವನು ಹೊರಬರುತ್ತಿರಲಿಲ್ಲ. ನೀರಿನೊಳಗೇ ಹುಟ್ಟು ಬೀಸಿ, ಸೊಂಟ ತಿರುಗಿಸಿ, ದೋಣಿ ಸಮೇತ ಮೇಲೆದ್ದು ಬರುತ್ತಿದ್ದ. ಆ ಹಿಮದ ನೀರಿನಲ್ಲಿ ಈಜಿ ಬದುಕುವ ಮಾತೇ ಇರಲಿಲ್ಲ, ಎಷ್ಟೋ ಬೇಟೆಗಾರರಿಗೆ ಈಜು ಬರುತ್ತಲೂ ಇರಲಿಲ್ಲ. ಉರುಳಿ ಏಳುವ ವಿದ್ಯೆಯೇ ಅವರ ಜೀವರಕ್ಷೆ, ಮತ್ತು ದೋಣಿಯ ಪ್ರತಿ ಅಂಗುಲವೂ ಆ ವಿದ್ಯೆಗೆ ತಕ್ಕಂತೆ ಕಟ್ಟಿದ್ದು.

ಯುರೋಪಿನವರು ಈ ವಿದ್ಯೆಯನ್ನು ತಡವಾಗಿ ಕಲಿತರು. ಆಸ್ಟ್ರಿಯಾದ ಎಡಿ ಹಾನ್ಸ್ ಪಾವ್ಲಾಟಾ ಉರುಳಿ ಏಳುವುದನ್ನು ಸಾಧಿಸಿದ್ದು 1927ರಲ್ಲಿ. ಇಂಗ್ಲೆಂಡಿನ ಯುವ ಅನ್ವೇಷಕ ಗೀನೋ ವಾಟ್ಕಿನ್ಸ್ 1930–31ರ ಆರ್ಕ್ಟಿಕ್ ಯಾತ್ರೆಯಲ್ಲಿ ಪೂರ್ವ ಗ್ರೀನ್‌ಲ್ಯಾಂಡಿನ ಬೇಟೆಗಾರರಿಂದಲೇ ಅದನ್ನು ಕಲಿತು ನಿಪುಣನಾದ. 1932ರ ಆಗಸ್ಟ್ 20ರಂದು ಅವನು ಮತ್ತೆ ಅದೇ ಕರಾವಳಿಯಲ್ಲಿ ಒಬ್ಬನೇ ಸೀಲ್ ಬೇಟೆಗೆ ಹೋದ. ಗೆಳೆಯರಿಗೆ ಆಮೇಲೆ ಸಿಕ್ಕಿದ್ದು ನೀರಿನಲ್ಲಿ ತೇಲುತ್ತಿದ್ದ ಖಾಲಿ ಕಯಾಕ್, ಮತ್ತು ಒಂದು ಮಂಜುಗಡ್ಡೆಯ ಮೇಲೆ ಅವನ ಷರಾಯಿ. ದೇಹ ಸಿಗಲೇ ಇಲ್ಲ. ಅವನಿಗೆ ಇಪ್ಪತ್ತೈದು ವರ್ಷ. ಅಂದು ನಡೆದದ್ದಕ್ಕೆ ಸಾಕ್ಷಿಗಳಿಲ್ಲ, ಹಾಗಾಗಿ ಕಾರಣದ ಊಹೆಗೆ ನಾನು ಹೋಗುವುದಿಲ್ಲ. ಕಟ್ಟುವವರು ಇದರಿಂದ ತೆಗೆದುಕೊಳ್ಳಬೇಕಾದ ಅಂಶ ಇಷ್ಟು: ಉರುಳಿ ಏಳುವುದನ್ನೇ ನಂಬಿದ ದೋಣಿಯಿಂದ ಮನುಷ್ಯ ಒಮ್ಮೆ ಬೇರೆಯಾದರೆ ಮತ್ತೆ ಅದರೊಳಗೆ ಸೇರಲು ದಾರಿಯೇ ಇರುವುದಿಲ್ಲ. ಗ್ರೀನ್‌ಲ್ಯಾಂಡ್ ಕಯಾಕಿನ ಚೆಲುವಿಗೆ ಮರುಳಾಗಿ ಅದೇ ತಗ್ಗು, ಅದೇ ಇಕ್ಕಟ್ಟು ಬಾಯಿ ಇಟ್ಟು ಕಟ್ಟುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಅವರಲ್ಲಿ ಉರುಳಿ ಏಳಲು ನಿಜವಾಗಿ ಬರುವವರು ಕೆಲವರೇ. ಉಳಿದವರು ಮಗುಚಿದ ಕೂಡಲೇ ಹೊರಬರುತ್ತಾರೆ. ಹೊರಬರುವವರಿಗೆ ಬೇಕಾದದ್ದು ಹತ್ತಿ ಕೂರಬಹುದಾದ ದೋಣಿ. ಅದರ ಕಟ್ಟೋಣವೇ ಬೇರೆ.

ಇಂದು ಮನೆಯಂಗಳದಲ್ಲಿ ಕಯಾಕ್ ಕಟ್ಟುವವರಲ್ಲಿ ಹೆಚ್ಚಿನವರು ಹಿಡಿಯುವುದು ಹೊಲಿದು ಅಂಟಿಸುವ ವಿಧಾನವನ್ನು. 1962ರಲ್ಲಿ ಇಂಗ್ಲೆಂಡಿನಲ್ಲಿ ಬ್ಯಾರಿ ಬಕ್ನೆಲ್ ಮತ್ತು ಜ್ಯಾಕ್ ಹೋಲ್ಟ್ ರೂಪಿಸಿದ ಮಿರರ್ ಎಂಬ ಪುಟ್ಟ ಹಾಯಿದೋಣಿ ಈ ವಿಧಾನವನ್ನು ಮನೆಮನೆಗೆ ಒಯ್ದಿತು; ಬಡಗಿ ಕೆಲಸ ಅಷ್ಟಾಗಿ ಗೊತ್ತಿಲ್ಲದವರೂ ಅದನ್ನು ಕಟ್ಟಿಕೊಂಡರು. ಕಯಾಕಿಗಾದರೆ 4 ಮಿಲಿಮೀಟರ್ ದಪ್ಪದ ಪ್ಲೈವುಡ್ಡನ್ನು ನಕ್ಷೆಯಂತೆ ಕತ್ತರಿಸಿ, ಅಂಚಿನುದ್ದಕ್ಕೂ ಸಣ್ಣ ತೂತು ಕೊರೆದು, ಎರಡು ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು ಬಿಗಿಯುತ್ತಾರೆ. ತಂತಿ ತಿರುಚಿದಂತೆಲ್ಲ ಚಪ್ಪಟೆ ಹಲಗೆ ತಾನಾಗಿ ಬಾಗಿ ದೋಣಿಯ ಆಕಾರಕ್ಕೆ ಬರುತ್ತದೆ. ಒಳಗಿನ ಸಂದಿಗೆ ಮರದ ಹುಡಿ ಕಲಸಿದ ಎಪಾಕ್ಸಿ ಅಂಟನ್ನು ಬೆರಳಿನಿಂದ ಸವರಿದಂತೆ ತುಂಬಿ, ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಹಾಸಿ, ಅಂಟು ಗಟ್ಟಿಯಾದ ಮೇಲೆ ತಂತಿ ಕತ್ತರಿಸಿ ತೆಗೆಯುತ್ತಾರೆ. ಐದು ಮೀಟರಿನ ದೋಣಿ ಇಪ್ಪತ್ತು ಕಿಲೋ ಆಸುಪಾಸು ತೂಗುತ್ತದೆ. ಒಬ್ಬರೇ ಹೆಗಲ ಮೇಲೆ ಹೊತ್ತು ನಡೆಯಬಹುದು. ಈ ಹಗುರತನವೇ ಕಟ್ಟುವವರನ್ನು ತಪ್ಪು ದಾರಿಗೂ ಎಳೆಯುತ್ತದೆ. ಇನ್ನೊಂದು ಹಲಗೆ ಯಾಕೆ, ಇನ್ನೊಂದು ಮುಚ್ಚಳ ಯಾಕೆ, ತೂಕ ತಾನೇ ಹೆಚ್ಚುವುದು ಎಂದು ಒಳಗಿನ ಅಡ್ಡಗೋಡೆಗಳನ್ನು ಬಿಟ್ಟುಬಿಡುತ್ತಾರೆ.

ಆ ಗೋಡೆಗಳು ಏನು ಮಾಡುತ್ತವೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಇಂಥ ಕಯಾಕಿನ ಒಳಗೆ ಸುಮಾರು 300 ಲೀಟರ್ ಜಾಗವಿದೆ ಎಂದಿಟ್ಟುಕೊಳ್ಳಿ. ಗೋಡೆಯಿಲ್ಲದ ದೋಣಿ ಮಗುಚಿ, ಕೂತವರು ಹೊರಬಂದು, ಅದನ್ನು ಮತ್ತೆ ನೆಟ್ಟಗೆ ಮಾಡುವಷ್ಟರಲ್ಲಿ ಇನ್ನೂರು ಲೀಟರ್ ನೀರು ಒಳಗೆ ಸೇರಿದರೆ ಆಶ್ಚರ್ಯವಿಲ್ಲ. ಒಂದು ಲೀಟರ್ ನೀರು ಒಂದು ಕಿಲೋ. ಇಪ್ಪತ್ತು ಕಿಲೋದ ದೋಣಿಯೊಳಗೆ ಇನ್ನೂರು ಕಿಲೋ, ಅದೂ ಸುಮ್ಮನೆ ಕೂತ ಹೊರೆಯಲ್ಲ. ಎಡಕ್ಕೆ ವಾಲಿದರೆ ಅಷ್ಟೂ ನೀರು ಎಡಕ್ಕೆ ಓಡುತ್ತದೆ, ಮೂತಿ ತಗ್ಗಿದರೆ ಮೂತಿಗೆ ನುಗ್ಗುತ್ತದೆ. ಹತ್ತಲು ಹೋದವರ ಭಾರವೂ ಅದೇ ಬದಿಗೆ ಸೇರಿ ದೋಣಿ ಮತ್ತೆ ಉರುಳುತ್ತದೆ. ಪ್ಲೈವುಡ್ ನೀರಿಗಿಂತ ಹಗುರ, ಹಾಗಾಗಿ ದೋಣಿ ತಳ ಸೇರುವುದಿಲ್ಲ. ಆದರೆ ಬಾಯಿಯ ಅಂಚು ನೀರಿನ ಮಟ್ಟಕ್ಕೇ ಇಳಿದಿರುವಾಗ ನೀವು ಎಷ್ಟು ಪಂಪ್ ಮಾಡಿದರೂ ಪ್ರತಿ ಅಲೆ ಅಷ್ಟನ್ನು ವಾಪಸು ತುಂಬುತ್ತದೆ. ಈಗ ಅದೇ ದೋಣಿಗೆ ಬೆನ್ನ ಹಿಂದೆ ಒಂದು, ಪಾದದ ಮುಂದೆ ಒಂದು ಗೋಡೆ ನಿಲ್ಲಿಸಿ. ನೀರು ತುಂಬಬಹುದಾದ ಜಾಗ ನಡುವಿನ ನೂರು–ನೂರಿಪ್ಪತ್ತು ಲೀಟರಿಗೆ ಇಳಿಯುತ್ತದೆ. ಎರಡು ತುದಿಗಳಲ್ಲಿ ತೊಂಬತ್ತು ತೊಂಬತ್ತು ಲೀಟರ್ ಗಾಳಿ ಸಿಕ್ಕಿಬಿದ್ದು ಅಷ್ಟೇ ಕಿಲೋ ಭಾರವನ್ನು ಎತ್ತಿ ಹಿಡಿಯುತ್ತದೆ. ಬಾಯಿಯ ಅಂಚು ಅಲೆಯಿಂದ ಮೇಲಿರುತ್ತದೆ. ನಿಮಿಷಕ್ಕೆ ಇಪ್ಪತ್ತು–ಮೂವತ್ತು ಲೀಟರ್ ಎತ್ತುವ ಕೈಪಂಪಿನಿಂದ ಐದಾರು ನಿಮಿಷದಲ್ಲಿ ಒಳಗು ಬರಿದಾಗುತ್ತದೆ. ಇದಕ್ಕೆಲ್ಲ ತೆರಬೇಕಾದ ಬೆಲೆ ಎರಡು ತುಂಡು ಪ್ಲೈವುಡ್. ಒಂದೊಂದೂ ಮುನ್ನೂರು ಗ್ರಾಂ ಚಿಲ್ಲರೆ, ಅಂಟು ಸೇರಿಸಿದರೂ ಎರಡಕ್ಕೂ ಒಂದು ಕಿಲೋ ದಾಟುವುದಿಲ್ಲ.

ಗೋಡೆಯ ಜಾಗ ಬೆರಳಗಲದ ಲೆಕ್ಕದ್ದು. ಹಿಂದಿನ ಗೋಡೆ ಸೀಟಿನ ಬೆನ್ನಿಗೆ ಅಂಟಿದಂತೆ, ಮೇಲ್ತುದಿ ತುಸು ಹಿಂದಕ್ಕೆ ಒರಗಿದಂತೆ ನಿಂತರೆ, ಬೋರಲಾದ ದೋಣಿಯ ಮೂತಿಯನ್ನು ಜೊತೆಗಾರರು ಎತ್ತಿದಾಗ ಒಳಗಿನ ನೀರೆಲ್ಲ ಆ ಇಳಿಜಾರಿನಲ್ಲಿ ಜಾರಿ ಬಾಯಿಯಿಂದ ಸುರಿದುಹೋಗುತ್ತದೆ. ಅದೇ ಗೋಡೆ ಒಂದು ಅಡಿ ಹಿಂದಿದ್ದರೆ ಸೀಟಿನ ಹಿಂದೆ ಹೊಂಡವೊಂದು ಉಳಿದು ಅಲ್ಲಿ ಬಕೆಟ್ಟುಗಟ್ಟಲೆ ನೀರು ನಿಲ್ಲುತ್ತದೆ. ಮುಂದಿನ ಗೋಡೆ ಕಾಲಿನ ಉದ್ದಕ್ಕೆ ತಕ್ಕಂತೆ, ಪಾದ ಒತ್ತುವ ಹಲಗೆಯಿಂದ ಸ್ವಲ್ಪವೇ ಮುಂದೆ ಇರಬೇಕು. ಸಿದ್ಧ ದೋಣಿ ಕೊಳ್ಳುವುದೇ ಕ್ಷೇಮ, ಮನೆಯಲ್ಲಿ ಕಟ್ಟಿದ್ದಕ್ಕೆ ಏನು ಭರವಸೆ ಎಂದು ಕೇಳುವವರಿಗೆ ನನ್ನ ಉತ್ತರ ಇಲ್ಲಿದೆ. ಕಾರ್ಖಾನೆಯ ದೋಣಿ ಅತಿ ಎತ್ತರದ ಗಿರಾಕಿಗೂ ಹೊಂದಬೇಕು, ಆದ್ದರಿಂದ ಅದರ ಮುಂದಿನ ಗೋಡೆ ದೂರದಲ್ಲಿರುತ್ತದೆ. ಅಗ್ಗದ ವಿಹಾರದ ಮಾದರಿಗಳಲ್ಲಿ ಎಷ್ಟೋ ಸಲ ಮುಂದಿನ ಗೋಡೆಯೇ ಇರುವುದಿಲ್ಲ. ಮನೆಯಲ್ಲಿ ಕಟ್ಟುವವರು ತಮ್ಮ ಕಾಲಿಗೆ ಟೇಪು ಹಿಡಿದು ಗೋಡೆ ನಿಲ್ಲಿಸಬಹುದು. ಗ್ರೀನ್‌ಲ್ಯಾಂಡಿನ ಬೇಟೆಗಾರ ಮುಷ್ಟಿಯಿಂದ ಅಳೆದದ್ದೂ ಇದೇ ಲಾಭಕ್ಕಾಗಿ: ಮೈ ಹಿಡಿಸುವಷ್ಟೇ ಜಾಗ, ನೀರಿಗೆ ಜಾಗವಿಲ್ಲ.

ಮುಚ್ಚಿದ ಕೋಣೆ ಎಂದ ಮೇಲೆ ಒಂದು ಸೂಕ್ಷ್ಮವಿದೆ. ಬಿಸಿಲಿನಲ್ಲಿ ಕಾದ ದೋಣಿಯೊಳಗಿನ ಗಾಳಿ ಹಿಗ್ಗಿ, ಕೋಣೆಗೆ ಕೈಹಾಕಲು ಮೇಲ್ಹಾಸಿನಲ್ಲಿ ಇಟ್ಟ ಮುಚ್ಚಳವನ್ನು ಒದೆಯುತ್ತದೆ, ಅಂಟಿನ ಸಂದಿಯನ್ನು ಸೀಳಲೂಬಹುದು. ಅದೇ ದೋಣಿ ತಂಪು ನೀರಿಗೆ ಇಳಿದರೆ ಗಾಳಿ ಕುಗ್ಗಿ, ಮುಚ್ಚಳದ ರಬ್ಬರಿನ ಅಂಚಿನಿಂದ ನೀರನ್ನೇ ಹೀರಿಕೊಳ್ಳುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಬೆಂಕಿಕಡ್ಡಿ ತೂರುವಷ್ಟು, ಎರಡು ಮಿಲಿಮೀಟರಿನ ಒಂದು ತೂತು ಕೊರೆದರೆ ಈ ತೊಂದರೆ ತಪ್ಪುತ್ತದೆ. ಅಷ್ಟು ಸಣ್ಣ ತೂತಿನಿಂದ ಒಳಬರುವ ನೀರು ಲೆಕ್ಕಕ್ಕಿಲ್ಲ. ಮುಚ್ಚಳಕ್ಕೆ ದಾರ ಕಟ್ಟಿರಬೇಕು. ಅಲೆಯಲ್ಲಿ ಕಿತ್ತುಹೋದ ಮುಚ್ಚಳ ಮತ್ತೆ ಸಿಗುವುದಿಲ್ಲ. ಮುಚ್ಚಳ ಹೋದರೂ ದೋಣಿ ತೇಲಲಿ ಎಂದು ಕೋಣೆಯೊಳಗೆ ಗಾಳಿಚೀಲ ಇಡುವುದು ಇನ್ನೂ ಒಳ್ಳೆಯದು. ಚರ್ಮದ ಬದಲು ನೈಲಾನ್ ಬಟ್ಟೆ ಬಿಗಿದ ಹಂದರದ ಕಯಾಕಿನಲ್ಲಿ ಗೋಡೆ ನಿಲ್ಲಿಸುವುದು ಕಷ್ಟ, ಅಲ್ಲಿ ಚೀಲಗಳೇ ಗತಿ. ಕಾಸಿಲ್ಲದವರು ಬಿಗಿಯಾಗಿ ಮುಚ್ಚಿದ ಖಾಲಿ ತಂಪುಪಾನೀಯದ ಬಾಟಲಿಗಳನ್ನು ತುಂಬಬಹುದು: ಎರಡು ಲೀಟರಿನ ಬಾಟಲಿ ಎರಡು ಕಿಲೋ ಭಾರ ಎತ್ತುತ್ತದೆ. ಆದರೆ ಅವನ್ನು ಬಲೆಯಲ್ಲಿ ಹಾಕಿ ಹಂದರಕ್ಕೆ ಕಟ್ಟಲೇಬೇಕು, ಇಲ್ಲದಿದ್ದರೆ ಬೇಕಾದ ಹೊತ್ತಿಗೆ ಒಂದೊಂದಾಗಿ ಬಾಯಿಯಿಂದ ತೇಲಿ ಹೋಗುತ್ತವೆ. ಥರ್ಮೋಕೋಲ್ ತುಂಬುವವರೂ ಒಂದು ಮಾತು ನೆನಪಿಡಬೇಕು. ಫೈಬರ್ ಕೆಲಸದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಪಾಲಿಯೆಸ್ಟರ್ ರೆಸಿನ್ ಥರ್ಮೋಕೋಲನ್ನು ಕರಗಿಸಿಬಿಡುತ್ತದೆ; ಎಪಾಕ್ಸಿ ಕರಗಿಸುವುದಿಲ್ಲ.

ಇನ್ನು ಹತ್ತುವ ಕ್ರಮಕ್ಕೆ ಬರೋಣ, ಯಾಕೆಂದರೆ ದೋಣಿಯ ಮೇಲ್ಭಾಗದ ಪ್ರತಿ ನಿರ್ಧಾರವೂ ಅದರಿಂದಲೇ ಹುಟ್ಟುತ್ತದೆ. ಒಬ್ಬರೇ ಇದ್ದಾಗ ಹೆಚ್ಚಿನವರಿಗೆ ಎಟುಕುವ ಉಪಾಯವೆಂದರೆ ಹುಟ್ಟಿನ ತುದಿಗೆ ತೇಲುಚೀಲ ಕಟ್ಟುವುದು. ನೀರಿಗೆ ಬಿದ್ದವರು ಮೊದಲು ದೋಣಿಯನ್ನು ಕೈಬಿಡದೆ ಹಿಡಿಯಬೇಕು. ಗಾಳಿಗೆ ಖಾಲಿ ಕಯಾಕ್ ಓಡುವ ವೇಗಕ್ಕೆ ಈಜುಗಾರ ಸಾಟಿಯಲ್ಲ. ಒದ್ದೆ ಎಪಾಕ್ಸಿಯ ನುಣುಪು ಮೈಯಲ್ಲಿ ಬೆರಳಿಗೆ ಸಿಗುವಂಥದ್ದು ಏನೂ ಇರುವುದಿಲ್ಲ, ಆದ್ದರಿಂದ ಅಂಚಿನ ಸುತ್ತ ಐದಾರು ಮಿಲಿಮೀಟರ್ ದಪ್ಪದ, ಹಿಗ್ಗದ ಹಗ್ಗ ಹಾಯಬೇಕು, ಎರಡೂ ತುದಿಗೆ ಹಿಡಿಕೆ ಬೇಕು. ಸಾಮಾನು ಸಿಕ್ಕಿಸುವ ಎಲಾಸ್ಟಿಕ್ ಹುರಿ ಇದಕ್ಕೆ ಆಗುವುದಿಲ್ಲ. ಎಳೆದರೆ ಹಿಗ್ಗುತ್ತದೆ, ಮನುಷ್ಯನ ಭಾರಕ್ಕೆ ಕಿತ್ತು ಬರುತ್ತದೆ. ದೋಣಿಯನ್ನು ನೆಟ್ಟಗೆ ಮಾಡಿದ ಮೇಲೆ ಹುಟ್ಟಿನ ಒಂದು ಎಲೆಗೆ ಚೀಲ ಹಾಕಿ ಊದಿ, ಹುಟ್ಟಿನ ಕೋಲನ್ನು ಬಾಯಿಯ ಹಿಂದೆ ಅಡ್ಡಲಾಗಿ ಇಟ್ಟು, ಚೀಲದ ತುದಿ ನೀರಿನ ಮೇಲೆ ಚಾಚುವಂತೆ ಬಿಡುತ್ತಾರೆ. ಆ ಜಾಗದಲ್ಲಿ ಮೇಲ್ಹಾಸು ಚಪ್ಪಟೆಯಾಗಿದ್ದರೆ, ಕೋಲು ಸಿಕ್ಕಿಸಲು ಬಿಗಿ ಪಟ್ಟಿಯಿದ್ದರೆ ಹುಟ್ಟು ಕದಲದೆ ನಿಲ್ಲುತ್ತದೆ. ಕಮಾನಿನಂತೆ ಉಬ್ಬಿದ್ದರೆ ಉರುಳುತ್ತದೆ. ಆಮೇಲೆ ಕಾಲು ಬಡಿದು, ಎದೆಯನ್ನು ಹಿಂಬದಿಯ ಮೇಲ್ಹಾಸಿನ ಮೇಲೆ ಎಳೆದುಕೊಂಡು, ಬೋರಲು ಮಲಗಿಯೇ ಒಂದೊಂದು ಕಾಲನ್ನು ಬಾಯಿಯೊಳಗೆ ಇಳಿಸಬೇಕು. ನೀರಿನಲ್ಲಿರುವ, ಸುಸ್ತಾದ ಮನುಷ್ಯ ಲೈಫ್ ಜಾಕೆಟ್ಟಿನ ದಪ್ಪವನ್ನೂ ಹೊತ್ತು ತನ್ನ ಎದೆಯನ್ನು ಎಷ್ಟು ಎತ್ತಬಲ್ಲ? ಹೆಚ್ಚೇನಿಲ್ಲ. ಹಿಂಬದಿ ತಗ್ಗಿದ್ದಷ್ಟೂ ಒಳ್ಳೆಯದು, ಅಲ್ಲಿ ಮುಚ್ಚಳದ ಗುಬುಟು, ಕೊಕ್ಕೆ, ಚೂಪಾದ ಬೋಲ್ಟು ಏನೂ ಮೇಲೆದ್ದಿರಬಾರದು.

ಬಾಯಿಯ ಉದ್ದವೂ ಇಲ್ಲೇ ತೀರ್ಮಾನವಾಗಬೇಕು. ಎಂಬತ್ತು ಸೆಂಟಿಮೀಟರ್ ಉದ್ದ, ನಲವತ್ತು ಅಗಲದ, ಬೀಗದ ಕೈ ತೂತಿನ ಆಕಾರದ ಬಾಯಿಯಿದ್ದರೆ ಕೂತ ಮೇಲೂ ಮಂಡಿ ಮಡಚಿ ಕಾಲು ಹೊರತೆಗೆಯಬಹುದು. ಹಳೆಯ ಮಾದರಿಯ ಪುಟ್ಟ ದುಂಡು ಬಾಯಿಯಲ್ಲಿ ಕಾಲುಗಳನ್ನು ನೇರವಾಗಿಯೇ ತೂರಿಸಬೇಕು. ಅಲೆ ಎತ್ತಿ ಹಾಕುವಾಗ ಅದು ಆಗದ ಕೆಲಸ, ತಲೆಕೆಳಗಾಗಿ ಹೊರಬರುವಾಗ ಅಪಾಯವೂ ಹೌದು. ಎತ್ತರದ ಬೆನ್ನೊರಗು ಆರಾಮವೆನಿಸಿದರೂ ಹತ್ತುವವರ ಕೆಳಗೆ ಮಡಚಿ ಅಡ್ಡ ನಿಲ್ಲುತ್ತದೆ, ಆದ್ದರಿಂದ ಸೊಂಟದೆತ್ತರದ ಪಟ್ಟಿ ಸಾಕು. ಬಾಯಿಗೆ ಮುಚ್ಚುವ, ಸೊಂಟಕ್ಕೆ ತೊಡುವ ನೀರು ತಡೆಯುವ ಲಂಗದ ಎಳೆಪಟ್ಟಿ ಯಾವಾಗಲೂ ಹೊರಗೆ, ಕಣ್ಣು ಮುಚ್ಚಿದರೂ ಕೈಗೆ ಸಿಗುವಂತಿರಬೇಕು. ಹಗ್ಗದ ಕೊಂಡಿಗಳನ್ನು ಬರಿಯ ಸ್ಕ್ರೂನಿಂದ 4 ಮಿಲಿಮೀಟರ್ ಹಲಗೆಗೆ ಬಿಗಿದರೆ ಅವು ಕಿತ್ತು ಬರುತ್ತವೆ. ಒಳಗೆ ಇನ್ನೊಂದು ತುಂಡು ಮರ ಅಂಟಿಸಿ, ಅಗಲ ವಾಷರ್ ಹಾಕಿ ಬೋಲ್ಟು ಬಿಗಿಯಬೇಕು. ಬೋಲ್ಟಿನ ತೂತನ್ನು ಮೊದಲು ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಕೊರೆಯುವುದು ಅನುಭವಿಗಳ ಪದ್ಧತಿ. ಆಗ ಪ್ಲೈವುಡ್ಡಿನ ಪದರಕ್ಕೆ ನೀರು ತಾಗುವುದೇ ಇಲ್ಲ.

ಇಷ್ಟೆಲ್ಲ ಯಾಕೆ, ದೋಣಿಯನ್ನೇ ಅಗಲ ಮಾಡಿದರೆ ಮಗುಚುವ ಪ್ರಶ್ನೆಯೇ ಇಲ್ಲವಲ್ಲ ಎಂಬುದು ಸಹಜವಾದ ಆಕ್ಷೇಪ. ನಿಂತ ನೀರಿನಲ್ಲಿ ಅದು ನಿಜ. ಅಗಲ ಚಪ್ಪಟೆ ತಳದ ದೋಣಿ ಕೆರೆಯಲ್ಲಿ ಹಲಗೆಯಂತೆ ಕೂರುತ್ತದೆ. ಅಲೆ ಬದಿಯಿಂದ ಬಂದಾಗ ಅದೇ ಚಪ್ಪಟೆ ತಳ ಅಲೆಯ ಇಳಿಜಾರಿಗೆ ಅಂಟಿಕೊಂಡು ಜೊತೆಗೇ ವಾಲುತ್ತದೆ. ತುಸು ದುಂಡು ತಳದ ಕಿರಿದಾದ ದೋಣಿಯಲ್ಲಿ ಕೂತವರು ಸೊಂಟ ಸಡಿಲಿಸಿ, ಅಲೆ ಕೆಳಗೆ ಹಾಯಲು ಬಿಟ್ಟು, ಮೈಯನ್ನು ನೆಟ್ಟಗೆ ಇಟ್ಟುಕೊಳ್ಳಬಹುದು. ಹೊಸಬರಿಗೆ ಅರವತ್ತು ಸೆಂಟಿಮೀಟರ್ ಸುಮಾರಿನ ಅಗಲ ಒಳ್ಳೆಯದೆಂದು ನಾನೂ ಒಪ್ಪುತ್ತೇನೆ. ಆದರೆ ಅಗಲವನ್ನು ನಂಬಿ ಗೋಡೆ, ಹಗ್ಗ ಬಿಟ್ಟರೆ, ಎಂದೋ ಒಂದು ದಿನ ಮಗುಚಿದಾಗ ಆ ಅಗಲ ದೋಣಿ ಇನ್ನೂ ಹೆಚ್ಚು ನೀರು ಕುಡಿದಿರುತ್ತದೆ. ಲೈಫ್ ಜಾಕೆಟ್ ಇದೆಯಲ್ಲ ಎಂಬ ಮಾತಿಗೂ ಮಿತಿಯಿದೆ. ಜಾಕೆಟ್ ಇಲ್ಲದೆ ನೀರಿಗೆ ಇಳಿಯಲೇಬಾರದು. ಆದರೆ ಅದು ಮನುಷ್ಯನನ್ನು ತೇಲಿಸುತ್ತದೆ ಅಷ್ಟೇ, ದಡ ಮುಟ್ಟಿಸುವುದಿಲ್ಲ. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಮೈಯ ಬಿಸಿ ಎಳೆಯುತ್ತದೆ. ನಾರ್ವೆಯಲ್ಲೋ ಸ್ಕಾಟ್‌ಲ್ಯಾಂಡಿನಲ್ಲೋ ನೆಲೆಸಿ ಅಲ್ಲಿನ ಕಡಲಿಗೆ ಇಳಿಯುವ ಕನ್ನಡಿಗರು ತಿಳಿದಿರಬೇಕಾದ ಲೆಕ್ಕವಿದು: ತೀರಾ ತಣ್ಣನೆಯ ನೀರಿನಲ್ಲಿ ಏದುಸಿರು ಹತೋಟಿಗೆ ಬರಲು ಒಂದು ನಿಮಿಷ, ಬೆರಳುಗಳು ಕೆಲಸಕ್ಕೆ ಬರುವುದು ಮುಂದಿನ ಹತ್ತು ನಿಮಿಷ. ಚೀಲ ಊದಿ, ಹತ್ತಿ, ಕೂರುವ ಕೆಲಸ ಆ ಹತ್ತು ನಿಮಿಷದೊಳಗೆ ಮುಗಿಯಬೇಕು.

ನಮ್ಮ ನೀರು ಬೆಚ್ಚಗಿದೆ, ನಾವು ಹೋಗುವುದು ಹಿನ್ನೀರಿಗೆ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಚಳಿಯ ಭಯ ಇಲ್ಲಿ ಕಡಿಮೆ. ಆದರೆ ದೊಡ್ಡ ಜಲಾಶಯದ ನಡುವೆ ಮಧ್ಯಾಹ್ನದ ಗಾಳಿ ಎದ್ದರೆ ದಡ ಒಂದು ಕಿಲೋಮೀಟರ್ ಆಚೆ ಇರುತ್ತದೆ. ಶರಾವತಿಯ ಹಿನ್ನೀರಿನಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಳುಗಿಸಿದ ಕಾಡಿನ ಮೋಟುಗಳು ಇಂದಿಗೂ ನೀರು ಇಳಿದಂತೆ ತಲೆ ಎತ್ತುತ್ತವೆ. ನೀರು ಅವುಗಳ ಮೇಲೆ ಒಂದು ಗೇಣು ನಿಂತಿರುವಾಗ ಅವು ಕಾಣುವುದಿಲ್ಲ. 4 ಮಿಲಿಮೀಟರ್ ಹಲಗೆಗೆ ಅಂಥ ಒಂದು ಮೋಟು ತೂತು ಮಾಡಿದರೆ, ಗೋಡೆಯಿರುವ ದೋಣಿಯಲ್ಲಿ ಒಂದು ಕೋಣೆ ಮಾತ್ರ ತುಂಬುತ್ತದೆ. ಬೆಚ್ಚಗಿನ ನೀರಿಗೆ ಮೇಲೆ ಕೂರುವ, ತೂತುಗಳಿಂದ ನೀರು ತಾನೇ ಬಸಿದುಹೋಗುವ ಮಾದರಿಯೇ ಸಾಕಲ್ಲವೇ ಎಂದರೆ, ಹೌದು, ಎಷ್ಟೋ ಜನರಿಗೆ ಅದೇ ಸರಿಯಾದ ಆಯ್ಕೆ. ಕಾಂಡ್ಲಾ ಕಾಡಿನ ಕಾಲುವೆಗಳಲ್ಲಿ ಸುತ್ತುವವರು ಅದನ್ನೇ ಹಿಡಿಯಲಿ. ಆದರೆ ಅದೂ ಒಳಗೆ ಟೊಳ್ಳು. ಬಿರುಕು ಬಿಟ್ಟು ಒಳಗೆ ಸದ್ದಿಲ್ಲದೆ ನೀರು ತುಂಬಿದರೆ ಕೂತವರಿಗೆ ತಿಳಿಯುವುದೇ ತಡವಾಗಿ. ಅಲ್ಲೂ ಗೋಡೆ ಬೇಕು, ಹಗ್ಗ ಬೇಕು.

ಸಾಮಾನಿನ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪ. ಅಂಗಡಿಯವರು ಮರೀನ್ ಪ್ಲೈ ಎಂದು ಕೊಡುವ ಹಾಳೆಯ ಮೇಲೆ ಐಎಸ್ 710 ಎಂಬ ಮುದ್ರೆ ನೋಡಿ. ಐಎಸ್ 303 ಮನೆಯ ಕಪಾಟಿಗೆ ಆಗುವ ದರ್ಜೆ. ಒಂದು ತುಂಡು ಕತ್ತರಿಸಿ ಒಂದು ಗಂಟೆ ಕುದಿಸಿ ನೋಡಿದರೆ ಪದರ ಬಿಡುವ ಹಾಳೆ ಗೊತ್ತಾಗುತ್ತದೆ. ಗೋಡೆಗೆ ಕಡಿಮೆ ದರ್ಜೆಯ ತುಂಡು ಬಳಸುವ ಆಸೆ ಬೇಡ, ಯಾಕೆಂದರೆ ಅದು ಕಣ್ಣಿಗೆ ಕಾಣದ ಜಾಗದಲ್ಲಿ ಕೊಳೆಯುತ್ತದೆ.

ಕಟ್ಟಿ ಮುಗಿದ ದೋಣಿಯನ್ನು ಮೊದಲು ಎದೆಮಟ್ಟದ ನೀರಿಗೆ, ಗಟ್ಟಿ ತಳವಿರುವ ಕಡೆಗೆ, ಈಜು ಬಲ್ಲ ಇನ್ನೊಬ್ಬರ ಜೊತೆ ಒಯ್ಯಬೇಕು. ಅಲ್ಲಿ ಬೇಕೆಂದೇ ಮಗುಚಿ, ಹೊರಬಂದು, ಕಾಲು ನೆಲಕ್ಕೆ ತಾಗಿಸದೆ ಹತ್ತಿ ನೋಡಬೇಕು. ನಡುವಿನ ಕೋಣೆಯನ್ನು ಪೂರ್ತಿ ತುಂಬಿಸಿ ಬಾಯಿಯ ಅಂಚು ನೀರಿನಿಂದ ಎಷ್ಟು ಬೆರಳು ಮೇಲಿದೆ ಎಂದು ಅಳೆಯಬೇಕು. ಆಮೇಲೆ ಒಂದು ಮುಚ್ಚಳ ತೆಗೆದು ಆ ಕೋಣೆಯನ್ನೂ ತುಂಬಿಸಿ, ಮತ್ತೆ ಹತ್ತಲು ಪ್ರಯತ್ನಿಸಬೇಕು. ಕೈಗೆ ಎಟುಕದ ಹಗ್ಗ, ಎದೆಗೆ ಒತ್ತುವ ಬೋಲ್ಟು, ಮಂಡಿ ಸಿಕ್ಕಿಕೊಳ್ಳುವ ಅಂಚು, ಗೋಡೆಯ ಮೂಲೆಯಿಂದ ಜಿನುಗುವ ನೀರು, ಒಂದೊಂದೂ ಆ ಅರ್ಧ ಗಂಟೆಯಲ್ಲಿ ತಾನಾಗಿ ತೋರುತ್ತದೆ. ಅವನ್ನು ಪೆನ್ಸಿಲ್ಲಿನಿಂದ ದೋಣಿಯ ಮೈಮೇಲೇ ಗುರುತು ಹಾಕಿಕೊಂಡು ಮನೆಗೆ ತಂದು ತಿದ್ದಬೇಕು. ಇದೆಲ್ಲ ವಾರ್ನಿಶ್ ಹಚ್ಚುವ ಮೊದಲೇ ಆಗಲಿ. ಹೊಳಪು ಬಂದ ದೋಣಿಯನ್ನು ಮತ್ತೆ ಕೆರೆದು ಕೊರೆಯಲು ಕಟ್ಟಿದವರಿಗೆ ಮನಸ್ಸು ಬರುವುದಿಲ್ಲ.